ಸೌತ್‌ವೆಲ್‌ನ ಕಲ್ಲೆಲೆಗಳು

ಇಂಗ್ಲೆಂಡಿನ ಈ ಪ್ರವಾಸದಲ್ಲಿ ಯಾರ್ಕ್ ಮತ್ತು ಲಿಂಕನ್‌ಗಳ ಮಹಾ ಕೆಥೆಡ್ರಲ್‌ಗಳನ್ನೂ, ಅಂದರೆ ಬಿಷಪ್ಪರ ಪೀಠವಿರುವ ಚರ್ಚುಗಳನ್ನೂ ನೋಡಿದೆ. ಅವುಗಳ ಎತ್ತರ, ವೈಭವಗಳ ಬಗ್ಗೆ ಬರೆದವರು ಬೇಕಾದಷ್ಟು ಜನರಿದ್ದಾರೆ. ನನ್ನ ಮನಸ್ಸು ನಿಂತದ್ದು ನಾಟಿಂಗ್‌ಹ್ಯಾಮ್‌ಶೈರ್‌ನ ಪುಟ್ಟ ಪಟ್ಟಣವಾದ ಸೌತ್‌ವೆಲ್‌ನಲ್ಲಿ. ಅಲ್ಲಿನ ಮಿನ್‌ಸ್ಟರ್ ಎಂಬ ಹಳೆಯ ದೊಡ್ಡ ಚರ್ಚು ಶತಮಾನಗಳ ಕಾಲ ಯಾರ್ಕ್‌ನ ಆರ್ಚ್‌ಬಿಷಪ್ಪರ ಅಧೀನದಲ್ಲಿದ್ದು, 1884ರಲ್ಲಷ್ಟೇ ಕೆಥೆಡ್ರಲ್ ಎನಿಸಿಕೊಂಡಿತು.

ಪಶ್ಚಿಮದ ಎರಡು ಗೋಪುರಗಳ ಮೇಲೆ ಸೀಸದ ಹೊದಿಕೆಯ ಚೂಪು ಶಿಖರಗಳು, ಒಳಗೆ 1108ರ ಸುಮಾರಿಗೆ ಆರಂಭವಾದ ನಾರ್ಮನ್ ಶೈಲಿಯ ದಪ್ಪ ದುಂಡು ಕಂಬಗಳ ಸಾಲು. ಆ ಗಾಂಭೀರ್ಯ ನನಗೆ ಹಿಡಿಸಿತು. ಆದರೆ ಉತ್ತರ ದಿಕ್ಕಿನ ಓಣಿಯನ್ನು ದಾಟಿ ಚಾಪ್ಟರ್ ಹೌಸ್‌ನೊಳಗೆ, ಅಂದರೆ ಪಾದ್ರಿಗಳ ಸಭಾಮಂಟಪದೊಳಗೆ ಕಾಲಿಟ್ಟ ಮೇಲೆ ಉಳಿದದ್ದೆಲ್ಲ ಹಿಂದೆ ಸರಿಯಿತು.

13ನೇ ಶತಮಾನದ ಕೊನೆಯ ಭಾಗದಲ್ಲಿ ಕಟ್ಟಿದ ಎಂಟು ಮೂಲೆಗಳ ಕೋಣೆಯದು. ಲಿಂಕನ್‌ನಲ್ಲಿರುವಂತೆ ನಡುಗಂಬವಿಲ್ಲ; ಕಲ್ಲಿನ ಚಾವಣಿ ಸುತ್ತಲಿನ ಗೋಡೆಗಳ ಮೇಲೆಯೇ ನಿಂತಿದೆ. ಗೋಡೆಯುದ್ದಕ್ಕೂ ಪಾದ್ರಿಗಳು ಕೂರುತ್ತಿದ್ದ ಕಲ್ಲಿನ ಆಸನಗಳು, ಅವುಗಳ ನಡುವಿನ ಸಣ್ಣ ಕಂಬಗಳ ಬೋದಿಗೆಗಳ, ಅಂದರೆ ಕಂಬದ ತಲೆಗಳ ತುಂಬ ಕೆತ್ತಿದ ಎಲೆಗಳು. ಅವು ಅಲಂಕಾರಕ್ಕೆಂದು ಕಲ್ಪಿಸಿಕೊಂಡ ಎಲೆಗಳಲ್ಲ. ಓಕ್, ಮೇಪಲ್, ಹಾಥಾರ್ನ್, ಐವಿ, ಹಾಪ್, ದ್ರಾಕ್ಷಿ, ಹೀಗೆ ಒಂದೊಂದನ್ನೂ ಹೆಸರು ಹಿಡಿದು ಗುರುತಿಸಬಹುದು. ನರಗಳು ಉಬ್ಬಿವೆ, ಅಂಚುಗಳು ಮಡಚಿವೆ. ಎಲೆಯ ಹಿಂಭಾಗದ ಕಲ್ಲನ್ನೂ ಕೊರೆದು ತೆಗೆದಿರುವುದರಿಂದ ಅದರ ನೆರಳು ಅದರ ಬೆನ್ನಿಗೇ ಬೀಳುತ್ತದೆ.

ಅಲ್ಲಿ ಸ್ವಯಂಸೇವಕಿಯಾಗಿದ್ದ ವೃದ್ಧೆಯೊಬ್ಬರು ನಾನು ಒಂದೇ ಬೋದಿಗೆಯ ಮುಂದೆ ಬಹಳ ಹೊತ್ತು ನಿಂತದ್ದನ್ನು ಕಂಡು ಹತ್ತಿರ ಬಂದರು. "ಮೊದಲು ಎಲೆ ಯಾವುದೆಂದು ತಿಳಿದುಕೊಳ್ಳಿ, ಆಮೇಲೆ ಅದರ ಕೆಳಗೆ ಯಾರಿದ್ದಾರೆಂದು ಹುಡುಕಿ" ಎಂದು ಓಕ್ ಎಲೆಗಳತ್ತ ಕೈ ತೋರಿಸಿದರು. ಅಲ್ಲಿ ಹಂದಿಗಳು ಉದುರಿದ ಓಕ್ ಕಾಯಿಗಳನ್ನು ಮೇಯುತ್ತಿದ್ದವು. ಈ ಗಿಡಗಳಲ್ಲಿ ಹೆಚ್ಚಿನವು ಊರಾಚೆಯ ಬೇಲಿಗಳಲ್ಲಿ ಇಂದಿಗೂ ಬೆಳೆಯುತ್ತವೆಂದು ಹೇಳಿ, ನಿಮ್ಮ ಕಡೆಯ ದೇವಾಲಯಗಳಲ್ಲಿ ಇಂಥದ್ದು ಇದೆಯೇ ಎಂದು ಕೇಳಿದರು.

ನಾನು ಬೇಲೂರಿನ ಮಾತೆತ್ತಿದೆ. ಮದನಿಕೆಯೊಬ್ಬಳ ತಲೆಯ ಮೇಲಿನ ಬಳ್ಳಿಚಪ್ಪರದಲ್ಲಿ ಹಲಸಿನ ಹಣ್ಣು, ಅದರ ಮೇಲೊಂದು ನೊಣ, ಆ ನೊಣಕ್ಕೆ ಹೊಂಚು ಹಾಕಿದ ಹಲ್ಲಿ ಇರುವುದನ್ನು ವರ್ಣಿಸಿದಾಗ ಅವರು ಚಪ್ಪಾಳೆ ತಟ್ಟಿ ನಕ್ಕರು. ಅದು ಈ ಮಂಟಪಕ್ಕಿಂತ ಹಳೆಯದು, 12ನೇ ಶತಮಾನದ್ದು, ಅಲ್ಲಿನ ಕೆಲವು ಮದನಿಕೆಯರನ್ನು ಕೆತ್ತಿದವರು ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣ ಎಂದೆ.

"ಹೆಸರು ನಿಮಗೆ ಹೇಗೆ ಗೊತ್ತು?"

"ಕಲ್ಲಿನ ಮೇಲೆ ಅವರೇ ಬರೆದಿದ್ದಾರೆ."

ಅವರು ಕೆಲಕಾಲ ಮಾತಾಡಲಿಲ್ಲ. ಇಲ್ಲಿ ಕೆಲಸ ಮಾಡಿದವರ ಒಂದು ಹೆಸರೂ ಉಳಿದಿಲ್ಲ, ಎಲೆಗಳನ್ನು ನೋಡಿ ಇದೊಬ್ಬರ ಕೈ, ಅದೊಬ್ಬರ ಕೈ ಎಂದು ಊಹಿಸುವುದಷ್ಟೇ ಸಾಧ್ಯ ಎಂದರು. ಆಮೇಲೆ ಕೈಚೀಲದಿಂದ ಸಣ್ಣ ಪುಸ್ತಕ ತೆಗೆದು ಆ ಎರಡು ಹೆಸರುಗಳ ಅಕ್ಷರಗಳನ್ನು ಒಂದೊಂದಾಗಿ ಹೇಳಿಸಿಕೊಂಡು ಬರೆದುಕೊಂಡರು. ಹೊಯ್ಸಳರ ಶಿಲ್ಪಿಗಳ ಬಗ್ಗೆ ನನಗೆ ಅಷ್ಟು ಹೆಮ್ಮೆಯೂ, ಈ ಹೆಸರಿಲ್ಲದವರ ಬಗ್ಗೆ ಅಷ್ಟು ಗೌರವವೂ ಒಟ್ಟಿಗೆ ಉಂಟಾದದ್ದು ಅದೇ ಮೊದಲು.

ಹೋಗುವವರಿಗೆ ಒಂದು ಮಾತು. ಸೌತ್‌ವೆಲ್‌ಗೆ ಈಗ ರೈಲು ಇಲ್ಲ, ಬಸ್ಸನ್ನೇ ನಂಬಬೇಕು. ನಾನು ಕಾದಿದ್ದ ಬಸ್ಸು ಯಾವ ಸೂಚನೆಯೂ ಇಲ್ಲದೆ ರದ್ದಾದದ್ದರಿಂದ ತಡವಾಗಿ ತಲುಪಿದೆ. ಮಂಟಪದ ದೂರದ ಬದಿಯ ಬೋದಿಗೆಗಳನ್ನು ನೋಡಿ ಮುಗಿಸುವ ಮೊದಲೇ ಹೊರಡಬೇಕಾಯಿತು. ಆ ಬೇಸರ ಇನ್ನೂ ಹೋಗಿಲ್ಲ. ಸಾಧ್ಯವಾದರೆ ಊರಿನಲ್ಲೇ ರಾತ್ರಿ ತಂಗಿ, ಮರುದಿನ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ, ಒಂದು ಚಿಕ್ಕ ದುರ್ಬೀನು ಕೈಯಲ್ಲಿರಲಿ.