‘ಕೊಬ್ಬು ಕರಗಿಸೋ ಹಾರ್ಮೋನ್ ಯಾವುದು?’ ಅಂತ ಕೇಳುವವರಿಗೆ

‘ಹೊಟ್ಟೆ ಕೊಬ್ಬು ಕರಗಿಸೋ ಹಾರ್ಮೋನ್ ಯಾವುದು ಡಾಕ್ಟ್ರೇ?’

ಅಂಥದ್ದು ಯಾವುದೂ ಇಲ್ಲ. ಬಾಯಲ್ಲಿ ಇಷ್ಟು ಹೇಳಿದರೆ ಯಾರೂ ಬಿಡುವುದಿಲ್ಲ, ಅದಕ್ಕೇ ಒಮ್ಮೆ ಬರೆದುಬಿಡುತ್ತೇನೆ.

ನನಗೆ ಸಿಟ್ಟು ಬರುವುದು ‘ಕರಗಿಸೋ’ ಅನ್ನುವ ಮಾತಿಗೆ. ಕರಗಲು ಅದೇನು ಮೇಣವೇ? ಮೈಯ ಬಿಸಿಗೆ ಕೊಬ್ಬು ಮೊದಲೇ ಎಣ್ಣೆಯಂತಿರುತ್ತದೆ. ಒಂದೊಂದು ಕೊಬ್ಬಿನ ಕೋಶದೊಳಗೂ ಒಂದೊಂದು ದೊಡ್ಡ ಹನಿ. ಆ ಹನಿ ಚಿಕ್ಕದಾಗಬೇಕಾದರೆ ಅದರಲ್ಲಿರುವ ಟ್ರೈಗ್ಲಿಸರೈಡ್, ಅಂದರೆ ದಾಸ್ತಾನಾದ ಕೊಬ್ಬು, ಒಡೆಯಬೇಕು, ಅದರಿಂದ ಬಿಡಿಯಾದ ಫ್ಯಾಟಿ ಆಸಿಡ್ ಎಂಬ ತುಣುಕುಗಳು ರಕ್ತಕ್ಕಿಳಿಯಬೇಕು, ಸ್ನಾಯುವೋ ಹೃದಯವೋ ಅವನ್ನು ಉರಿಸಬೇಕು. ಉರಿಸದೆ ಉಳಿದದ್ದು ಬಹುಪಾಲು ಮತ್ತೆ ಟ್ರೈಗ್ಲಿಸರೈಡ್ ಆಗುತ್ತದೆ. ಪೂರ್ತಿ ಉರಿದ 10 ಕೆಜಿ ಕೊಬ್ಬಿನಲ್ಲಿ ಸುಮಾರು 8.4 ಕೆಜಿ ಕಾರ್ಬನ್ ಡೈಆಕ್ಸೈಡ್ ಆಗಿ ಉಸಿರಿನಲ್ಲೇ ಹೊರಹೋಗುತ್ತದೆ, ಉಳಿದದ್ದು ನೀರು.

ಹಾರ್ಮೋನುಗಳು ಈ ಒಡೆಯುವಿಕೆಗೆ ಬಾಗಿಲು ತೆಗೆಯುತ್ತವೆ, ಹಾಕುತ್ತವೆ. ಗಾಬರಿಯಾದಾಗ ಸುರಿಯುವ ಅಡ್ರಿನಲಿನ್ ಕೋಶದ ಬೀಟಾ ಗ್ರಾಹಕಕ್ಕೆ (ಹಾರ್ಮೋನ್ ಬಂದು ಅಂಟುವ ಜಾಗ) ಅಂಟಿದರೆ ಒಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಏರಿ, ಕೊಬ್ಬು ಒಡೆಯುವ ಲೈಪೇಸ್ ಎಂಬ ಕಿಣ್ವಗಳು ಕೆಲಸಕ್ಕಿಳಿಯುತ್ತವೆ. ಅದೇ ಅಡ್ರಿನಲಿನ್ ಆಲ್ಫಾ-2 ಎಂಬ ಇನ್ನೊಂದು ಬಗೆಯ ಗ್ರಾಹಕಕ್ಕೆ ಅಂಟಿದರೆ ಉಲ್ಟಾ, ಒಡೆಯುವುದು ತಗ್ಗುತ್ತದೆ. ಹೆಂಗಸರ ತೊಡೆಯ ಕೊಬ್ಬಿನಲ್ಲಿ ಈ ಎರಡನೆಯದರದೇ ಮೇಲುಗೈ. ಅಲ್ಲಿನ ಕೊಬ್ಬು ಹಟ ಹಿಡಿಯುವುದು ಇದರಿಂದಲೂ ಹೌದು.

ಇನ್ಸುಲಿನ್ ಬಾಗಿಲು ಹಾಕುವ ಕಡೆಯದು. ‘ಹಾಗಾದ್ರೆ ಅದೇ ವಿಲನ್’ ಅನ್ನಬೇಡಿ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಮೊದಲ ಇನ್ಸುಲಿನ್ ಚುಚ್ಚಿಸಿಕೊಂಡ ಸಕ್ಕರೆ ಕಾಯಿಲೆಯ ಹುಡುಗನಿಗೆ 14 ವರ್ಷ, ಮೈಯಲ್ಲಿ ಎಲುಬು ಚರ್ಮ ಬಿಟ್ಟರೆ ಏನೂ ಇರಲಿಲ್ಲ. ಇನ್ಸುಲಿನ್ ಇಲ್ಲದ ಮೈಯಲ್ಲಿ ಕೊಬ್ಬು ತಡೆಯಿಲ್ಲದೆ ಒಡೆದು, ಯಕೃತ್ತಿನಲ್ಲಿ ಕೀಟೋನ್ ಎಂಬ ಹುಳಿ ಪದಾರ್ಥವಾಗಿ, ರಕ್ತವನ್ನೇ ಆಮ್ಲ ಮಾಡುತ್ತದೆ. ನೀವು ಕೇಳುವ ‘ಕರಗುವಿಕೆ’ ಅತಿಯಾದರೆ ಹೀಗಿರುತ್ತದೆ.

ಒಮ್ಮೆ ಟೈಪ್ 1 ಸಕ್ಕರೆ ಕಾಯಿಲೆಯ, ಅಂದರೆ ಮೈಯಲ್ಲಿ ಇನ್ಸುಲಿನ್ ತಯಾರಾಗದ ಬಗೆಯ, ಹುಡುಗನೊಬ್ಬ ಬಂದಿದ್ದ. ಕಡ್ಡಿಯಂಥ ಮೈ. ಹೊಕ್ಕುಳ ಎಡಕ್ಕೆ ಮಾತ್ರ ಬೆರಳಿಗೆ ರಬ್ಬರಿನಂತೆ ಸಿಗುವ ದಪ್ಪ ಗಂಟು. ‘ಅಲ್ಲಿ ನೋವಾಗಲ್ಲ, ಅದಕ್ಕೆ ದಿನಾ ಅಲ್ಲೇ ಚುಚ್ಕೋತೀನಿ’ ಅಂದ. ಇನ್ಸುಲಿನ್ ಬಿದ್ದ ಜಾಗದಲ್ಲೇ ಕೊಬ್ಬು ಬೆಳೆದಿತ್ತು. ಗಂಟಿನಿಂದ ಔಷಧಿ ಸರಿಯಾಗಿ ರಕ್ತಕ್ಕೆ ಸೇರದೆ ಅವನ ಸಕ್ಕರೆ ಏರುಪೇರಾಗುತ್ತಿತ್ತು. ಜಾಗ ಬದಲಿಸಲು ಹೇಳಿ, ಹೊಸ ಜಾಗದಲ್ಲಿ ಔಷಧಿ ಜೋರಾಗಿ ಹಿಡಿಯುತ್ತದೆಂದು ಡೋಸ್ ಇಳಿಸಿದೆ. ತಿಂಗಳುಗಳ ನಂತರ ಗಂಟು ಮೆತ್ತಗಾಗಿತ್ತು. ಹಾರ್ಮೋನ್ ಕೊಬ್ಬಿಗೆ ಏನು ಮಾಡುತ್ತದೆಂದು ಕೇಳಿದಾಗಲೆಲ್ಲ ನನ್ನ ಬೆರಳಿಗೆ ಆ ಗಂಟು ನೆನಪಾಗುತ್ತದೆ.

ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ: ಕೊಬ್ಬು ನಮಗೇನು ಹೇಳುತ್ತದೆ? ಏಕೆಂದರೆ ಅದೂ ಹಾರ್ಮೋನ್ ಸುರಿಸುತ್ತದೆ. 1994ರಲ್ಲಿ ಅಮೆರಿಕದ ವಿಜ್ಞಾನಿ ಜೆಫ್ರಿ ಫ್ರೀಡ್‌ಮನ್ ತಂಡ ಪತ್ತೆಹಚ್ಚಿದ ಲೆಪ್ಟಿನ್ ಎಂಬ ಹಾರ್ಮೋನ್, ಎಷ್ಟು ದಾಸ್ತಾನಿದೆ ಎಂದು ಮೆದುಳಿಗೆ ತಿಳಿಸುತ್ತದೆ. ಹುಟ್ಟಿನಿಂದ ಲೆಪ್ಟಿನ್ ಇಲ್ಲದ ಮಕ್ಕಳಿಗೆ ಎಷ್ಟು ಉಂಡರೂ ಹಸಿವು ತೀರದು. ಲೆಪ್ಟಿನ್ ಕೊಟ್ಟರೆ ಹಸಿವು ಇಳಿಯುತ್ತದೆ. ಉಳಿದ ದಪ್ಪಗಿನವರಲ್ಲಿ ಅದು ಮೊದಲೇ ಹೆಚ್ಚಿರುವುದರಿಂದ ಮೇಲಿಂದ ಕೊಟ್ಟರೆ ಅಷ್ಟೇನೂ ನಡೆಯುವುದಿಲ್ಲ. ತೂಕ ಇಳಿಸಿದರೆ ಲೆಪ್ಟಿನ್ ಕುಸಿಯುತ್ತದೆ. ಮೆದುಳು ಬರಗಾಲವೆಂದುಕೊಂಡು ಹಸಿವು ಹೆಚ್ಚಿಸುತ್ತದೆ, ಮೈಯ ಶಕ್ತಿಯ ಖರ್ಚು ಕಡಿಮೆ ಮಾಡುತ್ತದೆ.

ನಮ್ಮಲ್ಲಿ ‘ಕೊಬ್ಬು ನಿನಗೆ’ ಅಂದರೆ ಬೈಗುಳ. ಇಳಿಸಿದ ತೂಕ ಮರಳಿ ಬಂದವರಿಗೆ ‘ಬಾಯಿ ಕಟ್ಟೋಕಾಗಲ್ವಾ’ ಅನ್ನುವವರು ಮನೆಯಲ್ಲೇ ಇರುತ್ತಾರೆ. 10 ಕೆಜಿ ಇಳಿಸಿದ ಮೇಲೆ ಹಸಿವು ಜಾಸ್ತಿಯಾಗಿದೆ ಅಂದರೆ ನಾನು ನಂಬುತ್ತೇನೆ. ಯಾವ ಹೊತ್ತಿಗೆ ಹಸಿವು, ನಿದ್ದೆ ಎಷ್ಟು, ಬೇರೆ ಯಾವ ಮಾತ್ರೆ ನುಂಗುತ್ತಿದ್ದೀರಿ ಎಂದು ಕೇಳಿ ಬರೆದುಕೊಳ್ಳುತ್ತೇನೆ.