ಬಣ್ಣದ ಕೆಳಗೆ ಹೋದ ಅಳತೆಗಳು

ಬೆಂಗಳೂರಿನ ಪೀಣ್ಯ ಎರಡನೇ ಹಂತದಲ್ಲಿರುವ ನಮ್ಮ ಶೀಟ್ ಮೆಟಲ್ ಘಟಕದಲ್ಲಿ ಕಳೆದ ಆಯುಧಪೂಜೆಗೆ ಮೊದಲು ತಗಡು ಬಗ್ಗಿಸುವ ಪ್ರೆಸ್ ಬ್ರೇಕ್ ಯಂತ್ರಕ್ಕೆ ಹೊಸ ಬಣ್ಣ ಹೊಡೆಸಿದೆವು. ಪ್ರತಿ ವರ್ಷ ಯಂತ್ರಗಳ ಎಣ್ಣೆ ಜಿಡ್ಡು ಒರೆಸಿ, ಅರಿಸಿನ ಕುಂಕುಮ ಹಚ್ಚಿ, ಬೂದುಗುಂಬಳಕಾಯಿ ಒಡೆದು ಪೂಜೆ ಮಾಡುವುದು ನಮ್ಮಲ್ಲಿ ವಾಡಿಕೆ. ಈ ಯಂತ್ರದ ಬಣ್ಣ ತೀರಾ ಮಾಸಿದ್ದರಿಂದ ಅದನ್ನೂ ಮಾಡಿಸಿಬಿಡೋಣವೆಂದು ನಾನೇ ಹೇಳಿದ್ದೆ. ಯಂತ್ರದ ಎಡಬದಿಯ ಫ್ರೇಮಿನ ಮೇಲೆ ನಮ್ಮ ಮೇಸ್ತ್ರಿ ಮಾರ್ಕರ್ ಪೆನ್ನಿನಿಂದ ಬರೆದುಕೊಂಡಿದ್ದ ಇಪ್ಪತ್ತಕ್ಕೂ ಹೆಚ್ಚು ಸಾಲು ಅಂಕಿಗಳು ಆ ಬಣ್ಣದ ಕೆಳಗೆ ಹೋದವು. ಅವು ಹದಿನಾರು ವರ್ಷಗಳಿಂದ ಅವರು ಬಗ್ಗಿಸುತ್ತ, ಅಳೆಯುತ್ತ, ತಿದ್ದುತ್ತ ಬಂದ ಲೆಕ್ಕಗಳಾಗಿದ್ದವು. ಯಾರೂ ಅವುಗಳನ್ನು ಬೇರೆಡೆ ಬರೆದಿಟ್ಟಿರಲಿಲ್ಲ.

ಹಬ್ಬದ ನಂತರ ಮೇಸ್ತ್ರಿ ಹತ್ತು ದಿನ ಊರಿಗೆ ಹೋಗಿದ್ದಾಗ, ನಾವು ಎಷ್ಟೋ ಸಲ ಮಾಡಿಕೊಟ್ಟಿದ್ದ ಒಂದು ವಿದ್ಯುತ್ ಪೆಟ್ಟಿಗೆಯ ಆರ್ಡರು ಮತ್ತೆ ಬಂತು. ಎರಡು ಮಿಲಿಮೀಟರ್ ದಪ್ಪದ ಸಿಆರ್‌ಸಿಎ (ತಣ್ಣಗೆ ರೋಲ್ ಮಾಡಿ ಹದಗೊಳಿಸಿದ ಉಕ್ಕು) ತಗಡು, ಪ್ರತಿ ಪೆಟ್ಟಿಗೆಗೆ ನಾಲ್ಕು ಬೆಂಡು, ಎಂದರೆ ಬಾಗು, ಒಟ್ಟು ಅರವತ್ತು ಪೆಟ್ಟಿಗೆ. ಲೇಸರ್ ಕಟಿಂಗ್‌ಗೆ ಹಳೆಯ ಪ್ರೋಗ್ರಾಮನ್ನೇ ಕಳುಹಿಸಿದೆವು. ಐಟಿಐ ಮುಗಿಸಿ ಎರಡು ವರ್ಷದಿಂದ ನಮ್ಮಲ್ಲಿರುವ ಹುಡುಗ ಅಚ್ಚುಕಟ್ಟಾಗಿ ಬೆಂಡಿಂಗ್ ಮಾಡಿದ. ಕೋನಗಳೆಲ್ಲ ಸರಿಯಾಗಿ 90 ಡಿಗ್ರಿ ಇದ್ದವು. ಆದರೆ ಬಾಗಿಲು ಜೋಡಿಸುವಾಗ ಹಿಂಜುಗಳ ರಂಧ್ರಗಳು ಒಂದೂ ಸಾಲಿಗೆ ಬರಲಿಲ್ಲ. ಕೇಳಿದಾಗ ಅವನು, "ಸರ್, ದಪ್ಪದ ಎಂಟರಷ್ಟು ಡೈ ಹಾಕ್ಬೇಕು ಅಂತ ಕಾಲೇಜಲ್ಲಿ ಹೇಳ್ಕೊಟ್ಟಿದ್ರು, ಅದಕ್ಕೇ ಹದಿನಾರು ಹಾಕ್ದೆ" ಎಂದ. ಡೈ ಎಂದರೆ ಬಗ್ಗಿಸುವಾಗ ತಗಡಿನ ಕೆಳಗಿರುವ ಅಚ್ಚು, ಹದಿನಾರು ಎಂಬುದು ಮಿಲಿಮೀಟರಿನಲ್ಲಿ ಅದರ ಬಾಯಿಯ ಅಗಲ. ಅವನು ಹೇಳಿದ್ದು ತಪ್ಪಲ್ಲ. ಮೇಸ್ತ್ರಿ ಈ ಪೆಟ್ಟಿಗೆಗೆ ಯಾವಾಗಲೂ ಹನ್ನೆರಡರ ಡೈ ಹಾಕುತ್ತಿದ್ದರು, ಅದೂ ತಪ್ಪಲ್ಲ. ತಪ್ಪಾದದ್ದು, ಎರಡರಲ್ಲಿ ಯಾವುದನ್ನು ಹಿಡಿದು ಬ್ಲ್ಯಾಂಕನ್ನು, ಎಂದರೆ ಬಗ್ಗಿಸುವ ಮೊದಲಿನ ಚಪ್ಪಟೆ ತುಂಡನ್ನು, ಕತ್ತರಿಸಲಾಗಿದೆ ಎಂಬುದು ಎಲ್ಲಿಯೂ ಬರೆದಿರಲಿಲ್ಲ ಎಂಬುದು.

ಈ ಕಸುಬಿನ ಹೊರಗಿನವರಿಗೆ ಇದು ಚಿಕ್ಕ ವಿಷಯವೆನಿಸಬಹುದಾದ್ದರಿಂದ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ. ತಗಡನ್ನು ಬಗ್ಗಿಸಿದಾಗ ಬಾಗಿನ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಇವೆರಡರ ನಡುವೆ ಹಿಗ್ಗದ ಕುಗ್ಗದ ಒಂದು ಪದರವಿದ್ದು, ಅದು ಒಳಮೈಯಿಂದ ದಪ್ಪದ ಎಷ್ಟನೇ ಪಾಲಿನಲ್ಲಿದೆ ಎಂಬುದನ್ನೇ ಕೆ ಫ್ಯಾಕ್ಟರ್ ಎನ್ನುತ್ತಾರೆ. ನಮ್ಮ ಸಾಮಾನ್ಯ ಉಕ್ಕಿಗೆ ಅದನ್ನು 0.42 ಎಂದು ಹಿಡಿಯೋಣ. ಮೇಲಿನಿಂದ ಇಳಿಯುವ ಪಂಚು ತಗಡನ್ನು ಡೈಯ ತಳಕ್ಕೆ ತಾಗಿಸದೆ ಬಗ್ಗಿಸುವ ಏರ್ ಬೆಂಡಿಂಗ್‌ನಲ್ಲಿ ಒಳಬಾಗಿನ ತ್ರಿಜ್ಯವನ್ನು ನಿರ್ಧರಿಸುವುದು ಹೆಚ್ಚಾಗಿ ಪಂಚಿನ ಮೂತಿಯಲ್ಲ, ಡೈಯ ಬಾಯಿಯ ಅಗಲ; ಸಾಮಾನ್ಯ ಉಕ್ಕಿನಲ್ಲಿ ಆ ತ್ರಿಜ್ಯ ಬಾಯಿಯ ಅಗಲದ ಶೇ. 16ರ ಆಸುಪಾಸಿನಲ್ಲಿರುತ್ತದೆ. ಹಾಗಾಗಿ 12 ಮಿ.ಮೀ. ಡೈಯಲ್ಲಿ ತ್ರಿಜ್ಯ ಸುಮಾರು 1.9 ಮಿ.ಮೀ., 16 ಮಿ.ಮೀ. ಡೈಯಲ್ಲಿ ಸುಮಾರು 2.6 ಮಿ.ಮೀ. ಆಗುತ್ತದೆ. 90 ಡಿಗ್ರಿಯ ಒಂದು ಬೆಂಡಿಗೆ ಹೊರ ಅಳತೆಗಳ ಮೊತ್ತದಿಂದ ಕಳೆಯಬೇಕಾದ ಮೊತ್ತ, ಎಂದರೆ ಬೆಂಡ್ ಡಿಡಕ್ಷನ್, ಮೊದಲನೆಯದರಲ್ಲಿ 3.5 ಮಿ.ಮೀ. ಬಂದರೆ ಎರಡನೆಯದರಲ್ಲಿ 3.78 ಮಿ.ಮೀ. ಬರುತ್ತದೆ. ಒಂದು ಬೆಂಡಿಗೆ ಕಾಲು ಮಿಲಿಮೀಟರಿಗಿಂತ ತುಸು ಹೆಚ್ಚಿನ ವ್ಯತ್ಯಾಸ. ನಾಲ್ಕು ಬೆಂಡು ಮುಗಿಯುವ ಹೊತ್ತಿಗೆ ಅದು ಒಂದು ಮಿಲಿಮೀಟರನ್ನು ದಾಟಿರುತ್ತದೆ.

ಹಾಗಾದರೆ ಎಲ್ಲಕ್ಕೂ ಒಂದೇ ಡೈ ಎಂದು ಗೊತ್ತುಮಾಡಿಬಿಡಬಹುದಲ್ಲ ಎಂದರೆ ಅದೂ ಆಗುವುದಿಲ್ಲ. ಡೈಯ ಬಾಯಿ ಕಿರಿದಾದಷ್ಟೂ ಬೇಕಾಗುವ ಒತ್ತಡ ಹೆಚ್ಚು. ಇದೇ ಎರಡು ಮಿಲಿಮೀಟರ್ ತಗಡಿಗೆ ಒಂದು ಮೀಟರ್ ಉದ್ದದ ಬೆಂಡಿಗೆ 16ರ ಡೈಯಲ್ಲಿ ಹದಿನಾರು ಹದಿನೇಳು ಟನ್ ಸಾಕಾದರೆ, 12ರಲ್ಲಿ ಇಪ್ಪತ್ತೆರಡು ಟನ್ ಬೇಕು, ಸ್ಟೇನ್‌ಲೆಸ್ ಸ್ಟೀಲ್ ಆದರೆ ಅದರ ಒಂದೂವರೆಯಷ್ಟು. ಬಿಟ್ಟ ಮೇಲೆ ತಗಡು ಸ್ವಲ್ಪ ಹಿಂದಕ್ಕೆ ಬಿಚ್ಚಿಕೊಳ್ಳುವ ಸ್ಪ್ರಿಂಗ್ ಬ್ಯಾಕ್ ಬೇರೆ ಇದೆ. ಸಾಮಾನ್ಯ ಉಕ್ಕಿನಲ್ಲಿ ಒಂದು ಡಿಗ್ರಿಯ ಆಸುಪಾಸು ಇರುವ ಅದು 304 ಗ್ರೇಡಿನ ಸ್ಟೇನ್‌ಲೆಸ್‌ನಲ್ಲಿ ಎರಡು ಮೂರು ಡಿಗ್ರಿಗೆ ಏರುತ್ತದೆ. 5052 ಅಲ್ಯುಮಿನಿಯಂ ಹೇಳಿದ ಹಾಗೆ ಕೇಳುತ್ತದೆ, 6061 ಟಿ6 ಅಲ್ಯುಮಿನಿಯಂ ಬಿಗಿಯಾಗಿ ಬಗ್ಗಿಸಿದರೆ ಸೀಳುತ್ತದೆ, ಅದರಲ್ಲಿಯೂ ರೋಲಿಂಗ್ ಆದ ದಿಕ್ಕಿಗೆ ಸಮಾನಾಂತರವಾಗಿ ಬಗ್ಗಿಸಿದರೆ ಇನ್ನೂ ಬೇಗ. ಇವೆಲ್ಲದರ ಮೇಲೆ, ಎರಡು ಮಿಲಿಮೀಟರ್ ಎಂದು ಬಂದ ತಗಡನ್ನು ಮೈಕ್ರೋಮೀಟರಿನಲ್ಲಿ ಹಿಡಿದರೆ ಒಂದು ಲಾಟಿನಲ್ಲಿ 1.94, ಇನ್ನೊಂದರಲ್ಲಿ 2.03 ಇರುವುದುಂಟು. ಮೇಸ್ತ್ರಿ ಹೊಸ ಲಾಟು ಬಂದ ಕೂಡಲೇ ಮೂಲೆಯೊಂದನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಬಾಗಿಸಿ ನೋಡುವುದನ್ನು ನಾನು ಬಹಳ ದಿನ ಬರಿಯ ಅಭ್ಯಾಸವೆಂದುಕೊಂಡಿದ್ದೆ. ಅದು ಪರೀಕ್ಷೆ ಎಂದು ತಿಳಿದದ್ದು ಈಚೆಗೆ.

ಲೋಹ ರೂಪಿಸುವ ಉದ್ಯಮದ ಮುಂದಿನ ದಿನಗಳ ಬಗ್ಗೆ ಪೀಣ್ಯದಲ್ಲಿ ನಡೆಯುವ ಮಾತು ಬಹುಪಾಲು ಯಂತ್ರಗಳದ್ದು, ಅದರಲ್ಲಿಯೂ ಲೇಸರ್‌ನದ್ದು. ಅದಕ್ಕೆ ಕಾರಣವಿಲ್ಲದಿಲ್ಲ. ಹಳೆಯ ಕಾರ್ಬನ್ ಡೈಆಕ್ಸೈಡ್ ಲೇಸರಿನ ತರಂಗಾಂತರ 10.6 ಮೈಕ್ರಾನ್, ತಾಮ್ರ, ಹಿತ್ತಾಳೆಗಳು ಅದನ್ನು ಕನ್ನಡಿಯಂತೆ ಹಿಂದಕ್ಕೆ ಕಳುಹಿಸುತ್ತಿದ್ದವು. ಸುಮಾರು 1.06 ಮೈಕ್ರಾನಿನ ಫೈಬರ್ ಲೇಸರನ್ನು ಲೋಹಗಳು ಚೆನ್ನಾಗಿ ಹೀರಿಕೊಳ್ಳುತ್ತವೆ, ವಿದ್ಯುತ್ ಖರ್ಚೂ ಬಹಳ ಕಡಿಮೆ, ಕನ್ನಡಿಗಳನ್ನು ಜೋಡಿಸಿ ಒರೆಸುವ ಗೋಜಿಲ್ಲ. ಯಂತ್ರದ ಬೆಲೆಯೂ ಇಳಿದ ಮೇಲೆ ನಮ್ಮ ಒಂದೇ ಅಡ್ಡರಸ್ತೆಯಲ್ಲಿ ಮೂರು ಕಡೆ ಫೈಬರ್ ಲೇಸರ್ ಬಂದಿದೆ. ಆದರೆ ಎಲ್ಲರ ಬಳಿಯೂ ಇರುವ ಯಂತ್ರ ಯಾರಿಗೂ ವಿಶೇಷ ಲಾಭ ತಂದುಕೊಡುವುದಿಲ್ಲ. ಮೀಟರಿಗೆ ಇಷ್ಟು ಎಂಬ ಕಟಿಂಗ್ ದರ ಇಳಿಯುತ್ತಲೇ ಇದೆ. ಕಂತು ಕಟ್ಟಲು ರಾತ್ರಿ ಪಾಳಿ ನಡೆಸುವವರು ಇನ್ನೂ ಇಳಿಸುತ್ತಾರೆ. ಕೆಲವರು ಖರ್ಚು ಉಳಿಸಲು ನೈಟ್ರೋಜನ್ ಬದಲು ಆಕ್ಸಿಜನ್‌ನಲ್ಲಿ ಕತ್ತರಿಸಿ ಕೊಡುತ್ತಾರೆ. ಅಂಚಿನ ಮೇಲೆ ಉಳಿಯುವ ಆಕ್ಸೈಡ್ ಪದರವನ್ನು ತೆಗೆಯದೆ ಪೌಡರ್ ಕೋಟಿಂಗ್ ಮಾಡಿದರೆ ಕೆಲವು ತಿಂಗಳಲ್ಲಿ ಬಣ್ಣ ಅಂಚಿನಿಂದಲೇ ಸಿಪ್ಪೆ ಏಳುತ್ತದೆ. ಕತ್ತರಿಸುವ ಕೆಲಸ ಇಂದು ಹಣ ಕೊಟ್ಟರೆ ಎಲ್ಲಿಯಾದರೂ ಸಿಗುತ್ತದೆ. ಕತ್ತರಿಸಿದ್ದನ್ನು ಅಳತೆ ತಪ್ಪದಂತೆ ಬಗ್ಗಿಸಿ, ಸೊಟ್ಟಗಾಗದಂತೆ ವೆಲ್ಡ್ ಮಾಡಿಕೊಡುವವರು ಎಷ್ಟು ಮಂದಿ ಎಂಬುದರ ಮೇಲೆ ನಮ್ಮ ಮುಂದಿನ ಹತ್ತು ವರ್ಷ ನಿಂತಿದೆ ಎಂದು ನಾನು ನಂಬುತ್ತೇನೆ.

2024ರ ಜನವರಿಯಲ್ಲಿ ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ನಡೆದ, ಲೋಹ ರೂಪಿಸುವ ಯಂತ್ರಗಳ ಇಮ್‌ಟೆಕ್ಸ್ ಫಾರ್ಮಿಂಗ್ ಪ್ರದರ್ಶನಕ್ಕೆ ಹೋಗಿದ್ದಾಗ ಬೆಂಡಿಂಗ್‌ನ ವಿಭಾಗದಲ್ಲಿಯೇ ಹೆಚ್ಚು ಹೊತ್ತು ನಿಂತಿದ್ದೆ. ಕೋನವನ್ನು ತಾನೇ ಅಳೆದು ತಾನೇ ತಿದ್ದಿಕೊಳ್ಳುವ ಪ್ರೆಸ್ ಬ್ರೇಕ್‌ಗಳು, ಟೂಲನ್ನು ತಾನೇ ಬದಲಿಸಿಕೊಳ್ಳುವ ಯಂತ್ರಗಳು, ರೋಬೊ ತೋಳುಗಳು ಅಲ್ಲಿದ್ದವು. ಅವು ನಿಜಕ್ಕೂ ಒಳ್ಳೆಯ ಯಂತ್ರಗಳು, ಮುಂದೊಂದು ದಿನ ನಾನೂ ಒಂದನ್ನು ಕೊಳ್ಳಬೇಕೆಂದಿದ್ದೇನೆ. ಆದರೆ ಅವುಗಳಿಗೂ ಮೊದಲು ಊಡಿಸಬೇಕಾದದ್ದು ಅಂಕಿಗಳನ್ನೇ: ಈ ಲೋಹಕ್ಕೆ, ಈ ದಪ್ಪಕ್ಕೆ, ಈ ಡೈಗೆ ಎಷ್ಟು ಕಳೆಯಬೇಕು ಎಂಬುದನ್ನು. ತಯಾರಕರು ಕೊಡುವ ಪಟ್ಟಿಯಿಂದ ಕೆಲಸ ಆರಂಭಿಸಬಹುದು, ನಮಗೆ ಬರುವ ತಗಡಿಗೆ ತಕ್ಕಂತೆ ಅದನ್ನು ತಿದ್ದಿಕೊಳ್ಳುವುದು ಮಾತ್ರ ನಮ್ಮದೇ ಕೆಲಸ.

ಬೇಡಿಕೆಯ ವಿಷಯದಲ್ಲಿ ನನಗೆ ಅಂಜಿಕೆಯಿಲ್ಲ. ಈ ಊರಿನಲ್ಲಿ ತಗಡಿನ ಕೆಲಸ ಬೆಳೆದದ್ದೇ ದೊಡ್ಡ ಕಾರ್ಖಾನೆಗಳ ನೆರಳಿನಲ್ಲಿ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಅಲ್ಲಿ ಅಪ್ರೆಂಟಿಸ್ ಆಗಿ ಕಲಿತವರು ಮುಂದೆ ಚಿಕ್ಕ ಚಿಕ್ಕ ಶೆಡ್ಡುಗಳನ್ನು ಹಾಕಿಕೊಂಡರು. ನನಗೆ ಡ್ರಾಯಿಂಗ್ ಓದಲು ಕಲಿಸಿದವರೂ ಅಂಥ ಒಬ್ಬ ನಿವೃತ್ತರು. ಇಂದು ಕೇಳಿ ಬರುವ ಕೆಲಸಗಳು ಬೇರೆ: ವಿದ್ಯುತ್ ವಾಹನಗಳ ಬ್ಯಾಟರಿ ಪೆಟ್ಟಿಗೆ, ಚಾರ್ಜರ್ ಕ್ಯಾಬಿನೆಟ್, ಲಿಫ್ಟಿನ ಒಳಗೋಡೆ, ಡೇಟಾ ಸೆಂಟರಿನ ರ‍್ಯಾಕು. ಇವುಗಳಲ್ಲಿ ರ‍್ಯಾಕಿನ ಕೆಲಸ ಎಲ್ಲಕ್ಕಿಂತ ಕಟ್ಟುನಿಟ್ಟಿನದು. ಹತ್ತೊಂಬತ್ತು ಇಂಚಿನ ರ‍್ಯಾಕಿನಲ್ಲಿ ಎಡಬಲದ ಕಂಬಗಳ ರಂಧ್ರಗಳ ನಡುವೆ 465.1 ಮಿ.ಮೀ. ಇರಬೇಕು, ಎತ್ತರದ ಒಂದೊಂದು ಘಟಕ 44.45 ಮಿ.ಮೀ.; ನಲವತ್ತೆರಡು ಘಟಕ ಸೇರಿದರೆ 1866.9 ಮಿ.ಮೀ. ರಂಧ್ರಗಳನ್ನು ಲೇಸರ್ ಎಷ್ಟೇ ನಿಖರವಾಗಿ ಕೊರೆದರೂ ಕಂಬಗಳು ಎಲ್ಲಿ ನಿಲ್ಲುತ್ತವೆ ಎಂಬುದನ್ನು ಬೆಂಡು ತೀರ್ಮಾನಿಸುತ್ತದೆ. ನಮ್ಮ ಅರವತ್ತು ಪೆಟ್ಟಿಗೆಗಳಲ್ಲಿ ಆದ ತಪ್ಪು ರ‍್ಯಾಕಿನಲ್ಲಿ ಆಗಿದ್ದರೆ ಮಾಲು ಪೂರ್ತಿ ಸ್ಕ್ರ್ಯಾಪಿಗೆ ಹೋಗುತ್ತಿತ್ತು.

ತಗಡಿನ ಬೆಲೆಯ ಮಾತನ್ನು ಬೇಗ ಮುಗಿಸುತ್ತೇನೆ. 2025ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಕೆಲವು ಬಗೆಯ ಚಪ್ಪಟೆ ಉಕ್ಕಿನ ಆಮದಿನ ಮೇಲೆ 200 ದಿನಗಳ ಮಟ್ಟಿಗೆ ಶೇ. 12ರ ತಾತ್ಕಾಲಿಕ ಸುರಕ್ಷಾ ಸುಂಕ ಹಾಕಿತು. ಉಕ್ಕು ತಯಾರಕರಿಗೆ ಅದು ಬೇಕಾಗಿತ್ತು. ತಗಡು ಕೊಂಡು ಕೆಲಸ ಮಾಡುವ ನಮ್ಮಂಥವರಿಗೆ, ಮೊದಲೇ ದರ ಒಪ್ಪಿಕೊಂಡ ಆರ್ಡರುಗಳಲ್ಲಿ, ಬೆಲೆಯ ಪ್ರತಿ ಏರಿಕೆಯೂ ನೇರವಾಗಿ ಕೈಯಿಂದಲೇ ಹೋಗುತ್ತದೆ. 2500ಕ್ಕೆ 1250 ಅಳತೆಯ ಎರಡು ಮಿಲಿಮೀಟರ್ ತಗಡು ಒಂದಕ್ಕೆ 49 ಕಿಲೋ ತೂಗುತ್ತದೆ. ನೆಸ್ಟಿಂಗ್, ಎಂದರೆ ತಗಡಿನ ಮೇಲೆ ತುಂಡುಗಳನ್ನು ಹೊಂದಿಸುವುದು, ಸರಿಯಿಲ್ಲದೆ ಅದರಲ್ಲಿ ಶೇ. 30ರಷ್ಟು ಉಳಿಕೆಯಾದರೆ ಹದಿನೈದು ಕಿಲೋ ಸ್ಕ್ರ್ಯಾಪು, ಬೆಂಡಿಂಗ್‌ನಲ್ಲಿ ಕೆಟ್ಟರೆ ನಲವತ್ತೊಂಬತ್ತು ಕಿಲೋವೂ ಸ್ಕ್ರ್ಯಾಪು.

ಪೇಮೆಂಟಿನ ಸಂಗತಿ ಹೆಚ್ಚು ನೋವಿನದು. ಕಿರು, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ 2006ರ ಕಾನೂನಿನ ಪ್ರಕಾರ ಲಿಖಿತ ಒಪ್ಪಂದವಿದ್ದರೂ ಕಿರು ಮತ್ತು ಸಣ್ಣ ಘಟಕಗಳಿಗೆ 45 ದಿನದೊಳಗೆ ಹಣ ಸಲ್ಲಬೇಕು; ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಅವಧಿಯೊಳಗೆ ಕೊಡದ ಮೊತ್ತವನ್ನು ಆ ವರ್ಷದ ಖರ್ಚಾಗಿ ತೋರಿಸಲು ಕೊಳ್ಳುವವರಿಗೆ ಬರುವುದಿಲ್ಲವೆಂಬ ಆದಾಯ ತೆರಿಗೆಯ ನಿಯಮವೂ ಈಗ ಜಾರಿಯಲ್ಲಿದೆ. ಹೀಗಿದ್ದೂ ಒಂದು ಕಂಪನಿ ನಮ್ಮ ಬಿಲ್ಲನ್ನು ಐದು ತಿಂಗಳು ಇಟ್ಟುಕೊಂಡಿತು, ಬಡ್ಡಿ ಕೇಳಿದರೆ ಮುಂದಿನ ಆರ್ಡರು ಇರುವುದಿಲ್ಲವೆಂಬುದನ್ನು ಬಾಯಿಬಿಟ್ಟು ಹೇಳದೆಯೇ ತಿಳಿಸಿತು. ಆ ಐದು ತಿಂಗಳಲ್ಲಿ ನಾನು ಮುಂದೂಡಿದ ಖರ್ಚುಗಳಲ್ಲಿ ಮೊದಲನೆಯದು ಹೊಸಬರ ತರಬೇತಿ. ಹಣದ ವಿಳಂಬಕ್ಕೂ ಕೆಲಸಗಾರರ ಕೌಶಲಕ್ಕೂ ಇರುವ ಈ ನಂಟನ್ನು ಉದ್ಯಮದ ಭವಿಷ್ಯದ ಬಗ್ಗೆ ಭಾಷಣ ಮಾಡುವವರು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಕಲಿಯಲು ಬರುವವರೂ ಕಡಿಮೆಯಾಗಿದ್ದಾರೆ. ನಗರದಲ್ಲಿ ಜಿಟಿಟಿಸಿಯಂಥ, ಎನ್‌ಟಿಟಿಎಫ್‌ನಂಥ ಒಳ್ಳೆಯ ತರಬೇತಿ ಸಂಸ್ಥೆಗಳಿವೆ. ಅಲ್ಲಿ ಕಲಿತವರಿಗೆ ದೊಡ್ಡ ಕಾರ್ಖಾನೆಗಳಲ್ಲಿ ಜಾಗವಿದೆ, ನಮ್ಮಂಥ ಹದಿನೆಂಟು ಜನರ ಶೆಡ್ಡಿಗೆ ಅವರೇಕೆ ಬರಬೇಕು? ಸೇರಿಸಲು ಬಂದ ಹುಡುಗನೊಬ್ಬನ ತಾಯಿ ಸಂಬಳ ಕೇಳುವುದಕ್ಕೆ ಮೊದಲು, "ಬೆರಳಿಗೇನೂ ಆಗಲ್ಲ ತಾನೆ, ಸಾರ್?" ಎಂದು ಕೇಳಿದ್ದರು. ಅವರ ಅಣ್ಣ ಪವರ್ ಪ್ರೆಸ್‌ನಲ್ಲಿ ಎರಡು ಬೆರಳು ಕಳೆದುಕೊಂಡಿದ್ದರಂತೆ. ನಮ್ಮ ಪ್ರೆಸ್‌ಗಳಿಗೆ ಎರಡು ಕೈಗಳಿಂದಲೂ ಒಟ್ಟಿಗೆ ಒತ್ತಿದರೆ ಮಾತ್ರ ಇಳಿಯುವ ಗುಂಡಿಗಳನ್ನು ಹಾಕಿಸಿದ್ದನ್ನು ಒಳಗೆ ಕರೆದುಕೊಂಡು ಹೋಗಿ ತೋರಿಸಿದೆ. ನಾನು ಎಷ್ಟೋ ವರ್ಷ ಮೊದಲೇ ಹಾಕಿಸಬೇಕಾಗಿದ್ದ ಗುಂಡಿಗಳು ಅವು.

ಊರಿನಿಂದ ಬಂದ ಮೇಸ್ತ್ರಿ ಬಣ್ಣ ಹೊಡೆದ ಫ್ರೇಮನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾನು ಕ್ಷಮೆ ಕೇಳಿದೆ. "ಇರ್ಲಿ ಬಿಡಿ ಸರ್, ಮತ್ತೆ ಬಗ್ಗಿಸಿ ನೋಡಿದ್ರಾಯ್ತು" ಎಂದರು. ಅಂದಿನಿಂದ ಪ್ರತಿ ಶನಿವಾರ ಮಧ್ಯಾಹ್ನ ಎರಡು ಗಂಟೆ ಯಂತ್ರವನ್ನು ಆರ್ಡರಿನ ಕೆಲಸದಿಂದ ಬಿಡಿಸಿ ಕೊಟ್ಟಿದ್ದೇನೆ. ನೂರು ಮಿಲಿಮೀಟರ್ ಉದ್ದದ ತುಣುಕುಗಳನ್ನು ಕತ್ತರಿಸಿ, ಬಗ್ಗಿಸುವ ಮೊದಲು ದಪ್ಪ ಮತ್ತು ಉದ್ದ, ಬಗ್ಗಿಸಿದ ಮೇಲೆ ಎರಡೂ ತೋಳು ಮತ್ತು ಕೋನ ಅಳೆದು, ಒಂದೊಂದು ಡೈಗೂ ಮೂರು ತುಣುಕಿನಂತೆ ನಮ್ಮ ಐಟಿಐ ಹುಡುಗ ದಪ್ಪ ರಟ್ಟಿನ ರಿಜಿಸ್ಟರಿನಲ್ಲಿ ಬರೆಯುತ್ತಾನೆ. ಮೊದಲ ಪುಟದಲ್ಲಿ ಅವನು ಲೋಹ, ದಪ್ಪ, ಡೈ, ಡಿಡಕ್ಷನ್ ಎಂದು ನಾಲ್ಕು ಅಂಕಣ ಹಾಕಿದ್ದ. ಮೇಸ್ತ್ರಿ ಅದನ್ನು ಓದಿ, ಲಾಟ್ ನಂಬರಿಗೆ ಒಂದು, ರೋಲಿಂಗ್ ದಿಕ್ಕಿಗೆ ಒಂದು, ಅಳೆದವರ ಹೆಸರಿಗೆ ಒಂದು ಎಂದು ಇನ್ನೂ ಮೂರು ಅಂಕಣ ಹಾಕಿಸಿದರು. ಸಿಆರ್‌ಸಿಎಯ ಪುಟಗಳು 0.8ರಿಂದ 3 ಮಿಲಿಮೀಟರಿನವರೆಗೆ ತುಂಬಿವೆ. ಸ್ಟೇನ್‌ಲೆಸ್‌ನಲ್ಲಿ 1.5 ಮುಗಿದಿದೆ, ಬರುವ ಶನಿವಾರ 2 ಮಿಲಿಮೀಟರಿನದನ್ನು ಹಿಡಿಯುತ್ತೇವೆ.