ಚೇತಕ್ ದಿನಚರಿ: ಹೊಸದುರ್ಗದಿಂದ ಮಂಗಳೂರಿಗೆ, ನಡುವೆ ವಿದ್ಯಾನಗರ

ಸಿಲಿಂಡರ್ ಬೋರ್ ಮಾಡಿಸಿ ಹೊಸ ಪಿಸ್ಟನ್ ಕೂರಿಸಿದ ಮೇಲೆ ನನ್ನ ಬಜಾಜ್ ಚೇತಕ್ ಸ್ಕೂಟರ್ ಒಂದೇ ದಿನದಲ್ಲಿ ಇಷ್ಟು ದೂರ ಓಡಿದ್ದು ಇದೇ ಮೊದಲು. ಹಿಂದಿನ ರಾತ್ರಿ ಕಾಸರಗೋಡು ಜಿಲ್ಲೆಯ ಹೊಸದುರ್ಗದಲ್ಲಿ (ಕಾಞಂಗಾಡ್) ತಂಗಿದ್ದೆ. ಬೆಳಿಗ್ಗೆ ಟ್ಯಾಂಕ್ ತುಂಬಿಸಿ, ಲೀಟರಿಗೆ 20 ಮಿಲಿಲೀಟರ್ ಲೆಕ್ಕದಲ್ಲಿ ಟೂ ಸ್ಟ್ರೋಕ್ ಎಣ್ಣೆ ಬೆರೆಸಿ ಹೊರಟೆ. ಹೊಸ ಪಿಸ್ಟನ್ ಸಿಲಿಂಡರಿನ ಗೋಡೆಗೆ ಹೊಂದಿಕೊಳ್ಳುವವರೆಗೆ ವೇಗ 45 ದಾಟಬಾರದು, ಏರು ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲೇ ಎಳೆಸಬಾರದು, ಆಗಾಗ ನಿಲ್ಲಿಸಿ ಎಂಜಿನ್ ಆರಲು ಬಿಡಬೇಕು. ಈ ಮೂರನ್ನೂ ಪಾಲಿಸಬೇಕೆಂದೇ ಇಡೀ ದಿನವನ್ನು ಈ ದಾರಿಗೆ ಇಟ್ಟುಕೊಂಡಿದ್ದೆ. ಮಂಗಳೂರು ಸೇರುವ ಮೊದಲು ಕಾಸರಗೋಡಿನಲ್ಲಿ ನಾನು ಓದಿದ ಕಾಲೇಜನ್ನು ನೋಡಬೇಕಿತ್ತು.

ಹೊಸದುರ್ಗದಿಂದ ಕಾಸರಗೋಡಿಗೆ ಎರಡು ದಾರಿ. ರಾಷ್ಟ್ರೀಯ ಹೆದ್ದಾರಿ 66 ಒಳನಾಡಿನ ಕಡೆಗೆ ಬಳಸಿಕೊಂಡು ಪೆರಿಯ, ಪೊಯಿನಾಚಿ, ಚಟ್ಟಂಚಾಲ್ ಮೂಲಕ ಚೆರ್ಕಳಕ್ಕೆ ಬಂದು, ಅಲ್ಲಿಂದ ಕಾಲೇಜಿರುವ ವಿದ್ಯಾನಗರವನ್ನು ಮುಟ್ಟುತ್ತದೆ. ಇನ್ನೊಂದು ಕರಾವಳಿಯ ರಾಜ್ಯ ಹೆದ್ದಾರಿ: ಪಳ್ಳಿಕ್ಕರೆ, ಬೇಕಲ, ಉದುಮ, ಕಳನಾಡು, ಕೊನೆಗೆ ಚಂದ್ರಗಿರಿ ಸೇತುವೆ. ಕಾಲೇಜಿಗೆ ನೇರ ದಾರಿ ಮೊದಲನೆಯದೇ ಆದರೂ ಈ ಸ್ಕೂಟರಿಗೆ ಎರಡನೆಯದೇ ಸರಿ. ಏರುಗಳು ಸಣ್ಣವು, ಲಾರಿಗಳು ಕಡಿಮೆ, ನಿಲ್ಲಿಸಲು ಹೆಜ್ಜೆಗೊಂದು ನೆರಳು. ಬೇಕಲದಲ್ಲಿ ಕೋಟೆಯೊಳಗೆ ಹೋಗಲಿಲ್ಲ. ಹೊರಗೇ ನಿಲ್ಲಿಸಿ ಎಂಜಿನ್ ತಣಿಯುವಷ್ಟು ಹೊತ್ತು ಸುಲೈಮಾನಿ ಚಹಾ ಕುಡಿದೆ. ಕೆಳದಿಯ ನಾಯಕರು ಹದಿನೇಳನೆಯ ಶತಮಾನದಲ್ಲಿ ಕಟ್ಟಿಸಿದ ಈ ಕೋಟೆಯನ್ನು ಕಾಲೇಜಿನ ದಿನಗಳಲ್ಲಿ ಮನದಣಿಯೆ ನೋಡಿದ್ದೇನೆ.

ಚಂದ್ರಗಿರಿ ಸೇತುವೆಯ ಮೇಲೆ ವೇಗ ಇಳಿಸಿದೆ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯದಲ್ಲಿ ಪಯಸ್ವಿನಿಯಾಗಿ ಹರಿಯುವ ಹೊಳೆ ಇದು. ಇಲ್ಲಿಯ ಕನ್ನಡಿಗರಿಗೆ ಇದು ಬರಿಯ ಹೊಳೆಯಲ್ಲ. ಗಡಿ ವಿವಾದದ ಬಗ್ಗೆ 1967ರಲ್ಲಿ ಬಂದ ಮಹಾಜನ ಆಯೋಗದ ವರದಿ ಕರ್ನಾಟಕಕ್ಕೆ ಸೇರಬೇಕೆಂದು ಹೇಳಿದ್ದು ಈ ಹೊಳೆಯ ಉತ್ತರದ ಭಾಗವನ್ನು. ಶಿಫಾರಸು ಕಾಗದದಲ್ಲೇ ಉಳಿಯಿತು. ಆದರೂ ಈ ಸೇತುವೆ ದಾಟುವಾಗ ಆ ಮಾತು ನೆನಪಾಗದ ಕನ್ನಡಿಗ ನಮ್ಮ ಮನೆಗಳಲ್ಲಿ ಇಲ್ಲ.

ಪೇಟೆ ಸೇರಿ, ಅಣಂಗೂರಿನ ಮೇಲೆ ವಿದ್ಯಾನಗರಕ್ಕೆ ಹತ್ತುವಾಗ ಎಂಜಿನ್ ನಿಜವಾದ ಪರೀಕ್ಷೆಗೆ ನಿಂತಿತು. ಮೂರನೇ ಗೇರಿನಲ್ಲಿ ಒಂದೇ ಹದದಲ್ಲಿ ಏರಿತು. ಬಡಿತದ ಸದ್ದಿಲ್ಲ, ಉಸಿರು ಕಟ್ಟಿದಂತೆ ನಿಲ್ಲಲೂ ಇಲ್ಲ. ನನಗಾದ ಸಂತೋಷ ಇಷ್ಟೆಂದು ಹೇಳಲಾರೆ.

ಸರ್ಕಾರಿ ಕಾಲೇಜು ಶುರುವಾದದ್ದು 1957ರಲ್ಲಿ. 1956ರ ನವೆಂಬರ್ ಒಂದರಂದು ಕಾಸರಗೋಡು ದಕ್ಷಿಣ ಕನ್ನಡದಿಂದ ಬೇರೆಯಾಗಿ ಕೇರಳಕ್ಕೆ ಸೇರಿದ ಮರುವರ್ಷ. ಆ ಹೊತ್ತಿನಲ್ಲಿ ಇಲ್ಲೊಂದು ಕಾಲೇಜು ಎದ್ದು, ಅದರಲ್ಲಿ ಕನ್ನಡ ಬೇರೂರಿ, ಇಂದು ಸ್ನಾತಕೋತ್ತರ ತರಗತಿಯವರೆಗೂ ನಡೆಯುತ್ತಿರುವುದು ಸಣ್ಣ ಮಾತಲ್ಲ ಎಂದು ಓದುವಾಗ ನನಗೆ ಅನಿಸಿರಲಿಲ್ಲ. ಈಗ ಅನಿಸುತ್ತದೆ. ಮಂಜೇಶ್ವರ, ಉಪ್ಪಳ, ಬದಿಯಡ್ಕ, ಮುಳ್ಳೇರಿಯದಿಂದ ಬಸ್ಸು ಹತ್ತಿ ಬರುವ ಮಕ್ಕಳು ಮನೆಯಲ್ಲಿ ತುಳುವೋ ಹವ್ಯಕವೋ ಮರಾಠಿಯೋ ಕೊಂಕಣಿಯೋ ಆಡುತ್ತಾರೆ, ಬಸ್ಸಿನಲ್ಲಿ ಮಲಯಾಳ, ತರಗತಿಯಲ್ಲಿ ಕನ್ನಡ. ಅವರು ಕನ್ನಡ ಎಂ.ಎ. ಮಾಡಲು ಗಡಿ ದಾಟಬೇಕಾಗಿಲ್ಲ.

ಗೇಟಿನಲ್ಲಿ ಹಳೆಯ ವಿದ್ಯಾರ್ಥಿ ಎಂದು ಹೇಳಿ, ಅನುಮತಿ ಪಡೆದು ಒಳಗೆ ಹೋದೆ. ಕಾವಲಿನವರು ಸ್ಕೂಟರನ್ನು ಒಂದು ಸುತ್ತು ಹಾಕಿ ನೋಡಿ, "ನನ್ನ ಅಪ್ಪನ ಹತ್ತಿರ ಇದೇ ಬಣ್ಣದ್ದು ಇತ್ತು ಮಾಷೆ" ಎಂದರು. ಪಾಠ ಹೇಳುವವನಲ್ಲದಿದ್ದರೂ ಇಲ್ಲಿ ಕನ್ನಡಕ ಹಾಕಿದವರೆಲ್ಲ ಮಾಷೆಯೇ. ನೆರಳಿನಲ್ಲಿ ನಿಲ್ಲಿಸಿ, ಎಂಜಿನ್ ಆರಿದ ಮೇಲೆ ಬಲಗಡೆಯ ಮುಚ್ಚಳ ತೆಗೆದು ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ತುದಿಯ ಪಿಂಗಾಣಿ ಬೆಳ್ಳಗಿದ್ದರೆ ಪೆಟ್ರೋಲ್ ಸಾಲದು, ಎಂಜಿನ್ ಅತಿಯಾಗಿ ಬಿಸಿಯಾಗುತ್ತಿದೆ ಎಂದರ್ಥ. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲ್ ಅಥವಾ ಎಣ್ಣೆ ಹೆಚ್ಚಾಗಿದೆ ಎಂದರ್ಥ. ನನ್ನದು ಹುರಿದ ಕಾಫಿಬೀಜದ ಬಣ್ಣಕ್ಕೆ ಬಂದಿತ್ತು, ಅಂಚಿನಲ್ಲಿ ಮಾತ್ರ ತೆಳ್ಳಗೆ ಮಸಿ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಜೆಟ್ ಬದಲಿಸುವ ಅಗತ್ಯವಿಲ್ಲ.

ನೋಡುತ್ತಿದ್ದ ಇಬ್ಬರು ವಿದ್ಯಾರ್ಥಿಗಳು ಹತ್ತಿರ ಬಂದರು.

"ಸರ್, ಗೇರ್ ಎಲ್ಲಿದೆ ಇದಕ್ಕೆ?"

ಎಡಗೈಯ ಹಿಡಿ ತಿರುಗಿಸಿ ತೋರಿಸಿದೆ. ಒಬ್ಬಳು ಭೂವಿಜ್ಞಾನ ವಿಭಾಗದವಳು. ನಾವು ನಿಂತಿದ್ದ ನೆಲ ಅಪ್ಪಟ ಮುರಕಲ್ಲು. ಅದನ್ನೇ ಓದುವ ವಿಭಾಗ ಅದರ ಮೇಲೆಯೇ ಇರುವುದು ನನಗೆ ಬಹಳ ಇಷ್ಟ. ಕನ್ನಡ ವಿಭಾಗದ ಕಿಟಕಿಯಿಂದ ಪಾಠದ ದನಿ ಕೇಳುತ್ತಿತ್ತು. ಷಟ್ಪದಿಯೊಂದನ್ನು ಯಾರೋ ರಾಗವಾಗಿ ಓದುತ್ತಿದ್ದರು. ತರಗತಿ ಮುಗಿಯುವವರೆಗೂ ಜಗಲಿಯಲ್ಲಿ ಕುಳಿತು ಕೇಳಿದೆ.

ಹೊರಬಿದ್ದ ಮೇಲೆ ಹೊಸ ಹೆದ್ದಾರಿ. ಕಾಸರಗೋಡು ಪೇಟೆಯ ಮೇಲೆ ಈಗ ಒಂಟಿ ಸಾಲು ಕಂಬಗಳ ಮೇಲ್ಸೇತುವೆ. ಅದರ ಮೇಲೆ ಹೋಗುವವರಿಗೆ ಕರಂದಕ್ಕಾಡು ಬಂದದ್ದೂ ಹೋದದ್ದೂ ತಿಳಿಯುವುದಿಲ್ಲ. ಆಂಬುಲೆನ್ಸಿಗೆ, ಮಂಗಳೂರಿನ ಆಸ್ಪತ್ರೆಗೆ ಓಡುವವರಿಗೆ ಈ ರಸ್ತೆ ದೊಡ್ಡ ಉಪಕಾರ. ಅದರಲ್ಲಿ ಎರಡು ಮಾತಿಲ್ಲ. ನಾನು ಮಾತ್ರ ಸರ್ವಿಸ್ ರಸ್ತೆಯನ್ನೇ ಹಿಡಿದೆ. ವೇಗ ಕಡಿಮೆಯಿರಬೇಕು ಎಂಬುದು ಒಂದು ಕಾರಣ. ಊರುಗಳು ಈಗ ಇರುವುದು ಆ ರಸ್ತೆಯಲ್ಲೇ ಎಂಬುದು ದೊಡ್ಡ ಕಾರಣ. ಹೂವಿನ ಅಂಗಡಿ, ಬೀಡದಂಗಡಿ, ಬಸ್ಸಿಗೆ ಕಾಯುವ ಯೂನಿಫಾರ್ಮಿನ ಮಕ್ಕಳು, ಕನ್ನಡ ಮಲಯಾಳ ಎರಡರಲ್ಲೂ ಬರೆದ ಬೋರ್ಡುಗಳು ಎಲ್ಲವೂ ಅಲ್ಲಿವೆ. ಹಳೆಯ ದಾರಿಯ ಪರಿಚಯ ಇರುವವರು ಒಮ್ಮೆಯಾದರೂ ಮೇಲಿನಿಂದ ಇಳಿದು ಹೀಗೆ ಹೋಗಬೇಕು.

ಮೊಗ್ರಾಲ್ ದಾಟಿದ ಮೇಲೆ ಗೇರ್ ಎರಡರಲ್ಲಿ ನಿಲ್ಲದೆ ಜಾರತೊಡಗಿತು. ಹೊಸ ಕೇಬಲ್ ಓಡಿದ ಮೇಲೆ ಸ್ವಲ್ಪ ಹಿಗ್ಗುವುದು ಸಹಜ. ಕುಂಬಳೆಯಲ್ಲಿ, ಯಕ್ಷಗಾನದ ಪಾರ್ತಿಸುಬ್ಬನ ಊರಿನಲ್ಲಿ, ಒಂದು ಬನ್ಸ್ ತಿಂದು ಎರಡೂ ಗೇರ್ ಕೇಬಲುಗಳ ಅಡ್ಜಸ್ಟರನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ. ಒಂದನ್ನು ಎಳೆದಷ್ಟು ಇನ್ನೊಂದನ್ನು ನೋಡಿಕೊಳ್ಳಬೇಕು, ಇಲ್ಲವಾದರೆ ಹಿಡಿಯ ಮೇಲಿನ ಗುರುತು ಒಂದು ಕಡೆ, ಗೇರ್ ಇನ್ನೊಂದು ಕಡೆ. ನ್ಯೂಟ್ರಲ್ ಸರಿಯಾಗಿ ಕೂತ ಮೇಲೆ ಮತ್ತೆ ತೊಂದರೆಯಾಗಲಿಲ್ಲ.

ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ 'ಗಿಳಿವಿಂಡು' ನೋಡಲು ಹೊತ್ತು ಮೀರಿತ್ತು. ತಲಪಾಡಿ, ತೊಕ್ಕೊಟ್ಟು, ನೇತ್ರಾವತಿ ಸೇತುವೆ. ಸಂಜೆಯ ವಾಹನದಟ್ಟಣೆಯಲ್ಲಿ ಪಂಪ್‌ವೆಲ್. ಒಟ್ಟಾರೆ ಲೀಟರಿಗೆ 40ರ ಆಸುಪಾಸು ಕೊಟ್ಟಿದೆ, ರನ್ನಿಂಗ್ ಇನ್, ಅಂದರೆ ಹೊಸ ಪಿಸ್ಟನ್ ಹೊಂದಿಕೊಳ್ಳುವ ಹೊತ್ತಿಗೆ ಇದು ಒಳ್ಳೆಯದೇ. ಹಿಂದಿನ ಬ್ರೇಕ್ ಹಿಡಿಯುವಾಗ ಕೀರಲು ಸದ್ದಿದೆ. ಈ ವಾರ ಡ್ರಮ್ ಬಿಚ್ಚಿ ಶೂಗಳನ್ನು ನೋಡುತ್ತೇನೆ. ಅದಾದ ಮೇಲೆ ಸುಳ್ಯದ ದಾರಿಯಲ್ಲಿ ಸಂಪಾಜೆ ಘಾಟಿ ಹತ್ತಿಸುವ ಯೋಚನೆಯಿದೆ.